ಸಾಕು, ಹಾಕು ಮತ್ತು ಒಂದು ಜೊತೆ ಸೈಲೆನ್ಸರ್

ನಮ್ಮ ಕಾಲೇಜಿನ ಟೂ ವೀಲರ್ ಪಾರ್ಕಿಂಗ್‌ನಲ್ಲಿ ಪ್ರತಿ ವರ್ಷ ಬ್ಯಾಚ್ ಬದಲಾಗುತ್ತೆ, ಗಾಡಿಗಳು ಬದಲಾಗುತ್ತವೆ, ಒಂದು ವಾದ ಮಾತ್ರ ಹಾಗೇ ಉಳಿದಿದೆ. "ಸೌಂಡ್ ಜಾಸ್ತಿ ಇದ್ರೆ ಪವರ್ ಜಾಸ್ತಿ ಮಗಾ." ಥರ್ಮೋಡೈನಮಿಕ್ಸ್‌ನಲ್ಲಿ ಒಳ್ಳೇ ಗ್ರೇಡ್ ತಗೊಂಡವರೂ ಹೀಗೇ ಹೇಳ್ತಾರೆ, ಬ್ಯಾಕ್‌ಲಾಗ್ ಇರೋರೂ ಹೀಗೇ ಹೇಳ್ತಾರೆ. ಕಳೆದ ಕೆಲವು ವಾರ ನಾವಿಬ್ಬರು ಒಂದು ಹಳೇ ಗಾಡಿಗೆ ಹೊಸ ಸೈಲೆನ್ಸರ್ ಹಾಕಿದೆವು. ಆ ಕೆಲಸ ಈ ವಾದದಿಂದಲೇ ಶುರುವಾಯಿತು, ಆಮೇಲೆ ನಾವು ಎಣಿಸದ ಕಡೆ ಹೋಯಿತು. ಸಂಘದ ಪತ್ರಿಕೆಗೆ ಏನಾದ್ರೂ ಬರೀರೋ ಅಂತ ಸಂಪಾದಕರು ಬೆನ್ನು ಹತ್ತಿದ್ದರಿಂದ ಇಬ್ಬರೂ ಸೇರಿ ಬರೀತಿದ್ದೀವಿ.

ಯೂಟ್ಯೂಬ್‌ನಲ್ಲಿ ಇಂಥ ಕೆಲಸದ ವಿಡಿಯೋಗಳು ಸಾವಿರ ಸಿಗುತ್ತವೆ. ಅಮೆರಿಕದಲ್ಲಿ ಇಬ್ಬರು ಗೆಳೆಯರು, ಅಗಲವಾದ ಗ್ಯಾರೇಜು, ಜಾಕ್ ಮೇಲೆ ಒಂದು ಮಸಲ್ ಕಾರು. 1964ರ ಪಾಂಟಿಯಾಕ್ ಜಿಟಿಒ ಈ ಜಾತಿಗೆ ಮೂಲಪುರುಷ ಅಂತ ಸಾಮಾನ್ಯವಾಗಿ ಹೇಳ್ತಾರೆ. ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ವಿ8 ಎಂಜಿನ್, 325 ಹಾರ್ಸ್‌ಪವರ್. ಅದರ ಹಳೇ ಎಕ್ಸಾಸ್ಟ್ ಬಿಚ್ಚಿ ಹೊಸದು ಹಾಕಿ ಸ್ಟಾರ್ಟ್ ಮಾಡಿದಾಗ ಇಬ್ಬರೂ ಕುಣಿದಾಡ್ತಾರೆ. ನೋಡೋಕೆ ಚೆನ್ನಾಗಿರುತ್ತೆ. ಆದರೆ ನಮ್ಮಲ್ಲೊಬ್ಬನ ಮನೆ ಇರೋದು ಹೊಸಹಳ್ಳಿಯಲ್ಲಿ, ಮೆಟ್ರೋ ಸ್ಟೇಷನ್ನಿಂದ ನಡೆದು ಹೋಗುವ ದೂರ. ಅಲ್ಲಿನ ಕ್ರಾಸ್ ರಸ್ತೆಯಲ್ಲಿ ಒಂದು ಆಲ್ಟೋ ಎದುರಿಗೆ ಇನ್ನೊಂದು ಆಲ್ಟೋ ಬಂದರೆ ಯಾರಾದರೊಬ್ಬರು ರಿವರ್ಸ್ ಹೋಗಲೇಬೇಕು. ಜಿಟಿಒ ಬಂದರೆ ಅದನ್ನ ಬಿಚ್ಚೇ ಹೊರಗೆ ತರಬೇಕಾಗುತ್ತೆ.

ನಮ್ಮ ಕಡೆಯ ಮಸಲ್ ಏನು ಅಂದರೆ ಉತ್ತರ ಗೊತ್ತೇ ಇದೆ: ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಚೆಕ್ ದೇಶದ ಜಾವಾ ಬೈಕುಗಳನ್ನ ಇಲ್ಲೇ ತಯಾರಿಸೋಕೆ ಶುರು ಮಾಡಿತು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಅಂತ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ನಾವಿಬ್ಬರೂ ಹುಟ್ಟೋದಕ್ಕೆ ಎಷ್ಟೋ ವರ್ಷ ಮೊದಲು. 2022ರಲ್ಲಿ ಅದೇ ಹೆಸರಲ್ಲಿ ಹೊಸ ಬೈಕುಗಳು ಬಂದಿವೆ, ಆದರೆ ಅವು ಫೋರ್ ಸ್ಟ್ರೋಕ್. ಹಳೆಯದು ಟೂ ಸ್ಟ್ರೋಕ್, 250 ಸಿಸಿ, 16 ಹಾರ್ಸ್‌ಪವರ್. ಕಿಕ್ಕರೂ ಗೇರೂ ಒಂದೇ ಲಿವರ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. 325 ಎಲ್ಲಿ, 16 ಎಲ್ಲಿ ಅಂತ ನಗಬೇಡಿ. ಹೊಸಹಳ್ಳಿಯ ಕ್ರಾಸಿಗೆ 16 ಧಾರಾಳ.

ಗಾಡಿ ಅಪ್ಪನದು. ನಮ್ಮಲ್ಲೊಬ್ಬನಿಗೆ ಅವರು ಅಪ್ಪ, ಇನ್ನೊಬ್ಬನಿಗೆ ಅಂಕಲ್. ಇಲ್ಲಿ ಅನುಕೂಲಕ್ಕೆ ಅಪ್ಪ ಅಂತಲೇ ಬರೀತೀವಿ. ಮದುವೆಗೆ ಮುಂಚೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ರೋಡ್‌ಕಿಂಗ್. ಈಗ ಮೆಟ್ಟಿಲ ಕೆಳಗೆ, ಸಂಪಿನ ಪಕ್ಕ, ಹಳೇ ಬೆಡ್‌ಶೀಟ್ ಹೊದ್ದು ನಿಂತಿದೆ. ಭಾನುವಾರ ಬೆಳಿಗ್ಗೆ ಒಂದು ಕಿಕ್ಕು, ವಿಜಯನಗರದವರೆಗೆ ಒಂದು ರೌಂಡು, ವಾಪಸ್ಸು ಬಂದು ಮತ್ತೆ ಬೆಡ್‌ಶೀಟು. ಅಪ್ಪ ಇಪ್ಪತ್ತೇಳು ವರ್ಷ ಶೀಟ್ ಮೆಟಲ್ ಪ್ರೆಸ್ ಶಾಪಿನಲ್ಲಿ ಕೆಲಸ ಮಾಡಿದವರು. ಕಾರ್ಖಾನೆಯ ಹೆಸರು ಬೇಡ. ಅಲ್ಲಿ ಕಿವಿಗೆ ಕೊಡ್ತಿದ್ದದ್ದು ಏನು ಅಂತ ಕೇಳಿದರೆ "ಹತ್ತಿ ನಾವೇ ತಗೊಂಡೋಗ್ತಿದ್ವಿ" ಅಂತಾರೆ. ಎಂಟು ಗಂಟೆ ಪಾಳಿಗೆ 90 ಡೆಸಿಬೆಲ್ ಮೀರಬಾರದು ಅಂತ ಕಾರ್ಖಾನೆ ನಿಯಮ ಇದೆ. ಶಬ್ದದಿಂದ ಬರುವ ಕಿವುಡು ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲೇ ಇತ್ತು. ಇವೆಲ್ಲ ನಮಗೆ ಇತ್ತೀಚೆಗೆ ಗೊತ್ತಾದದ್ದು. ಮನೆಯಲ್ಲಿ ಇಷ್ಟು ದಿನ ಇದ್ದ ಮಾತು ಒಂದೇ: "ಅವರಿಗೆ ಕಿವಿ ಸ್ವಲ್ಪ ಮಂದ."

ಎಷ್ಟು ಮಂದ ಅನ್ನೋದು ಊಟಕ್ಕೆ ಕೂತಾಗ ಗೊತ್ತಾಗುತ್ತೆ. ಬಡಿಸೋದು ಅಪ್ಪನಿಗೆ ಇಷ್ಟದ ಕೆಲಸ. ಹಾಸ್ಟೆಲ್ ಹುಡುಗ ಅಂತ ಇನ್ನೂ ಜಾಸ್ತಿ ಪ್ರೀತಿ. ನೀವು "ಸಾಕು ಅಂಕಲ್" ಅಂದರೆ ಅವರಿಗೆ "ಹಾಕು" ಅಂತ ಕೇಳುತ್ತೆ. ಇನ್ನೊಂದು ಸೌಟು ಬೀಳುತ್ತೆ. "ಸಾಕು ಸಾಕು" ಅಂದರೆ ಎರಡು ಸೌಟು. ಮನೆಗೆ ಬಂದವರೆಲ್ಲ ಇದನ್ನ ತಮಾಷೆಯಾಗಿ ಹೇಳ್ಕೊಂಡು ನಗ್ತಾರೆ, ಅಪ್ಪನೂ ನಗ್ತಾರೆ.

ಈಗ ಸೈಲೆನ್ಸರ್ ವಿಷಯಕ್ಕೆ ಬರೋಣ. ಎಡಗಡೆಯದು ಅಡಿಯಲ್ಲಿ ತುಕ್ಕು ಹಿಡಿದು ತೂತಾಗಿತ್ತು. ವೆಲ್ಡಿಂಗ್ ಎರಡು ಸಲ ಆಗಿತ್ತು, ಮೂರನೇ ಸಲ ವೆಲ್ಡರ್ ಕೈ ಮುಗಿದರು. ನಾವು ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ಜೆ.ಸಿ. ರೋಡಿಗೆ ನಡೆದೆವು. ಕಂಪನಿಯೇ ಇಲ್ಲದ ಗಾಡಿಗೆ ಕಂಪನಿ ಸ್ಪೇರ್ ಎಲ್ಲಿ ಬರಬೇಕು? ಸಿಗೋದೆಲ್ಲ ಹೊರಗಡೆ ತಯಾರಾದದ್ದೇ. ಅಂಗಡಿಯವರು ಎರಡು ಥರ ತೋರಿಸಿದರು. ಒಂದು, ಹಳೇ ಮಾದರಿಯದ್ದೇ, ಒಳಗೆ ಜಾಲಿ ಇರೋದು. ಇನ್ನೊಂದು ಬರೀ ಕೊಳವೆ, "ಫ್ರೀ ಫ್ಲೋ". "ಇದನ್ನ ಹಾಕಿದ್ರೆ ಮುಂದಿನ ಸಿಗ್ನಲ್ಲಿಗೇ ನೀವು ಬರೋದು ಗೊತ್ತಾಗುತ್ತೆ ಸಾರ್" ಅಂದರು. ನಮ್ಮಿಬ್ಬರಲ್ಲಿ ಮಗನಾದವನ ಲೆಕ್ಕಾಚಾರ ಬೇರೆ ಇತ್ತು. ಸಿಗ್ನಲ್ಲಿನವರಿಗೆ ಅಲ್ಲ, ಅಪ್ಪನಿಗೆ ಕೇಳಲಿ. ಕಿವಿ ಮಂದ ಅಲ್ವಾ, ಸೌಂಡ್ ಜಾಸ್ತಿ ಇದ್ದರೆ ತಮ್ಮ ಗಾಡಿ ತಮಗೆ ಚೆನ್ನಾಗಿ ಕೇಳುತ್ತೆ. ಇನ್ನೊಬ್ಬ ಇದಕ್ಕೆ ಒಪ್ಪಲಿಲ್ಲ. ಕೊನೆಗೆ ತಗೊಂಡದ್ದು ಜಾಲಿ ಇರುವ ಜೊತೆಯನ್ನೇ. ಯಾಕಂದರೆ ಯೆಜ್ಡಿ ಸೈಲೆನ್ಸರಿನಲ್ಲಿ ಒಂದು ಅನುಕೂಲ ಇದೆ. ಕಾರ್ಬನ್ ಕೆರೆಯೋಕೆ ಅಂತ ಜಾಲಿಯನ್ನ ಹಿಂದಿನಿಂದ ಬಿಚ್ಚಿ ಎಳೆಯಬಹುದು. ಅಂದರೆ ಒಂದೇ ಜೊತೆಯಲ್ಲಿ ಎರಡೂ ಥರ ಮಾಡಿ ನೋಡಬಹುದು. ವಾದವನ್ನ ಪ್ರಯೋಗಕ್ಕೆ ಬಿಟ್ಟೆವು. ಆಟೋದಲ್ಲಿ ಸೈಲೆನ್ಸರ್‌ಗಳನ್ನ ತೊಡೆ ಮೇಲೆ ಮಗುವಿನ ಥರ ಮಲಗಿಸ್ಕೊಂಡು ಬಂದದ್ದು ಬೇರೆ ಕಥೆ.

ಪ್ರಯೋಗಕ್ಕೆ ಮುಂಚೆ ಸ್ವಲ್ಪ ಥಿಯರಿ. ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ. ಪಿಸ್ಟನ್ ಕೆಳಗೆ ಬಂದಾಗ ಎಕ್ಸಾಸ್ಟ್ ಪೋರ್ಟ್ ತೆರೆಯುತ್ತೆ, ಸುಟ್ಟ ಗಾಳಿ ಹೊರಗೆ ಹೋಗುತ್ತೆ, ಅದೇ ಹೊತ್ತಿಗೆ ಹೊಸ ಪೆಟ್ರೋಲ್ ಮಿಶ್ರಣ ಒಳಗೆ ಬರುತ್ತೆ. ಎರಡೂ ಬಾಗಿಲು ಒಟ್ಟಿಗೆ ತೆರೆದಿರೋದರಿಂದ ಹೊಸ ಮಿಶ್ರಣದಲ್ಲಿ ಒಂದಷ್ಟು ಸುಡದೇ ಹೊರಗೆ ಓಡಿಹೋಗುತ್ತೆ. ಅದನ್ನ ತಡೆಯೋರು ಯಾರು? ಪೈಪಿನೊಳಗಿನ ಒತ್ತಡದ ಅಲೆ. ಪೋರ್ಟ್ ತೆರೆದ ಕೂಡಲೇ ಒಂದು ಅಲೆ ಪೈಪಿನಲ್ಲಿ ಹೊರಡುತ್ತೆ. ಬಿಸಿ ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಪೈಪ್ ಅಗಲವಾಗುವ ಕಡೆ ಅಲೆ ತಿರುಗಿ ಎಳೆತವಾಗಿ ವಾಪಸ್ಸು ಬರುತ್ತೆ, ಕಿರಿದಾಗುವ ಕಡೆ ತಳ್ಳುವ ಅಲೆಯಾಗಿ ವಾಪಸ್ಸು ಬರುತ್ತೆ. ಮೊದಲನೆಯದು ಸುಟ್ಟ ಗಾಳಿಯನ್ನ ಎಳೆದು ಹಾಕುತ್ತೆ, ಎರಡನೆಯದು ಓಡಿಹೋಗ್ತಿರೋ ಮಿಶ್ರಣವನ್ನ ಸಿಲಿಂಡರಿಗೆ ತಳ್ಳುತ್ತೆ. ಒಂದು ಮೀಟರ್ ಹೋಗಿ ಬರೋಕೆ 4 ಮಿಲಿಸೆಕೆಂಡ್. 4000 ಆರ್‌ಪಿಎಂನಲ್ಲಿ ಎಂಜಿನ್ ಒಂದು ಸುತ್ತು ಬರೋಕೆ 15 ಮಿಲಿಸೆಕೆಂಡ್. ಅಲೆ ಸರಿಯಾದ ಹೊತ್ತಿಗೆ ಬಂದರೆ ಪವರ್, ತಪ್ಪಿದರೆ ಬರೀ ಹೊಗೆ.

ಇದನ್ನ ಆಟದಿಂದ ವಿಜ್ಞಾನಕ್ಕೆ ತಂದವರು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. 1961ರಲ್ಲಿ ಅವರ 125 ಸಿಸಿ ಎಂಜಿನ್ 25 ಹಾರ್ಸ್‌ಪವರ್ ಕೊಡ್ತಿತ್ತು. ಅದೇ ವರ್ಷ ಅವರ ರೈಡರ್ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನಿಂದ ಊರಿಗೆ ಮರಳದೆ ಪಶ್ಚಿಮಕ್ಕೆ ಓಡಿಹೋದ, ಗುಟ್ಟು ಜಪಾನಿನ ಸುಜುಕಿ ಕೈ ಸೇರಿತು. ಮರುವರ್ಷ ಸುಜುಕಿ 50 ಸಿಸಿ ವಿಭಾಗದ ವಿಶ್ವ ಚಾಂಪಿಯನ್, ಓಡಿಸಿದ್ದು ಅದೇ ಡೆಗ್ನರ್. ಒಂದು ಪೈಪಿನ ಆಕಾರಕ್ಕಾಗಿ ದೇಶ ಬಿಟ್ಟ ಕಥೆ ಇದು. ಯೆಜ್ಡಿಯದು ರೇಸಿನ ಪೈಪ್ ಅಲ್ಲ, ನಿಜ. ಆದರೂ ಪೈಪಿನ ಉದ್ದ, ಸೈಲೆನ್ಸರಿನ ಹೊಟ್ಟೆ, ಹಿಂದಿನ ತೂತು, ಎಲ್ಲವೂ ಎಂಜಿನ್ನಿನ ಉಸಿರಾಟದ ಭಾಗವೇ. ಜಾಲಿ ಕಿತ್ತು ಬಿಸಾಕಿದರೆ ಸೌಂಡ್ ಗ್ಯಾರಂಟಿ, ಪವರ್‌ಗೆ ಗ್ಯಾರಂಟಿ ಇಲ್ಲ.

ಭಾನುವಾರ ಬೆಳಿಗ್ಗೆ ಕೆಲಸ ಶುರು. ಬೆಂಡ್ ಪೈಪನ್ನ ಸಿಲಿಂಡರಿಗೆ ಹಿಡಿದಿರೋದು ಒಂದು ದೊಡ್ಡ ರಿಂಗ್ ನಟ್. ಅದಕ್ಕೆ ಹುಕ್ ಸ್ಪ್ಯಾನರ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯೋರೂ ಇದ್ದಾರೆ. ನಟ್ಟಿನ ಹಲ್ಲು ಹೋಗುತ್ತೆ, ಥ್ರೆಡ್ ಹಾಳಾದರೆ ಸಿಲಿಂಡರೇ ಹೋಯಿತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮಾಗಡಿ ರೋಡಿನ ಮೆಕ್ಯಾನಿಕ್ ಅಣ್ಣನ ಹತ್ತಿರ ಸ್ಪ್ಯಾನರ್ ಕಡ ತಂದಿದ್ದೆವು. ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಗೇಟಿನ ಹತ್ತಿರ ಕೂತರು. ಮಾತಿಲ್ಲ, ಬೆರಳಲ್ಲೇ ನಿರ್ದೇಶನ. ನಟ್ ಕಿರ್ ಅಂತ ಬಿಟ್ಟಾಗ ನಾವಿಬ್ಬರೂ ಕೂಗಿದೆವು. ಅವರಿಗೆ ಆ ಕಿರ್ ಕೇಳಿಸಲಿಲ್ಲ, ನಮ್ಮ ಮುಖ ನೋಡಿ ನಕ್ಕರು.

ಹಾಕುವಾಗ ಒಂದು ಕ್ರಮ ಇದೆ, ಇದನ್ನ ಅಪ್ಪನೇ ಹೇಳಿಕೊಟ್ಟದ್ದು. ಹಳೇ ಪ್ಯಾಕಿಂಗ್ ಪೂರ್ತಿ ಕೆರೆದು ತೆಗೀಬೇಕು, ಹೊಸದು ಹಾಕಬೇಕು. ರಿಂಗ್ ನಟ್ಟು, ಕ್ಲಾಂಪು, ಹಿಂದಿನ ಬ್ರಾಕೆಟ್ಟಿನ ಬೋಲ್ಟು ಮೂರನ್ನೂ ಮೊದಲು ಕೈಯಲ್ಲೇ ಸಡಿಲವಾಗಿ ಕೂರಿಸಬೇಕು. ಪೈಪ್ ತಾನಾಗೇ ಎಲ್ಲಿ ಕೂರುತ್ತೋ ನೋಡಿ, ಆಮೇಲೆ ಸಿಲಿಂಡರ್ ಕಡೆಯಿಂದ ಹಿಂದಕ್ಕೆ ಟೈಟ್ ಮಾಡ್ತಾ ಬರಬೇಕು. ಹಿಂದಿನ ಬೋಲ್ಟ್ ಮೊದಲು ಬಿಗಿದರೆ ಪೈಪ್ ಎಳೆದಾಡಿಕೊಂಡು ನಿಲ್ಲುತ್ತೆ, ಕೆಲವೇ ದಿನದಲ್ಲಿ ಬ್ರಾಕೆಟ್ ಬಿರುಕು ಬಿಡುತ್ತೆ. ಹೊರಗಡೆ ತಯಾರಾದ ಮಾಲು ಅಂದಮೇಲೆ ತೂತು ಎಲ್ಲಿ ಸರಿಯಾಗಿ ಕೂರುತ್ತೆ? ಬಲಗಡೆ ಬ್ರಾಕೆಟ್ಟಿನ ತೂತನ್ನ ಅರದಿಂದ ಉಜ್ಜಿ ಸ್ವಲ್ಪ ಉದ್ದ ಮಾಡಬೇಕಾಯಿತು. ಸ್ಟಾರ್ಟ್ ಮಾಡಿದ ಮೇಲೆ ಅಪ್ಪ ಎದ್ದು ಬಂದು ಎರಡೂ ಸೈಲೆನ್ಸರಿನ ಹಿಂದೆ ಒಂದೊಂದು ಅಂಗೈ ಹಿಡಿದರು. ಎರಡು ಕಡೆಯೂ ಗಾಳಿ ಒಂದೇ ಸಮ ಬಡಿಯಬೇಕು. ಬಡಿಯಿತು. ಲೀಕ್ ಇದೆಯಾ ಅಂತ ನಾವು ಕಿವಿಗೊಟ್ಟು ಕೇಳ್ತಿದ್ದರೆ, ಅವರು ಪ್ಯಾಕಿಂಗ್ ಹತ್ತಿರ ಕೈ ಆಡಿಸಿ "ಇಲ್ಲ" ಅಂದರು.

ಇನ್ನು ಪ್ರಯೋಗ. ಒಂದು ಹಾಳೆಯಲ್ಲಿ ಹತ್ತು ಪದ ಬರೆದೆವು: ಸಾಕು, ಹಾಕು, ಕಾಸು, ಹಾಸು, ಬೀಸು, ತಟ್ಟೆ, ಚಪ್ಪಲಿ, ಹೀಗೆ. ಎಂಜಿನ್ ಐಡಲಿಂಗ್‌ನಲ್ಲಿ ಓಡ್ತಿರಬೇಕು, ಒಬ್ಬರು ಮಾಮೂಲಿ ದನಿಯಲ್ಲಿ ಓದಬೇಕು, ಅಪ್ಪ ಏನು ಕೇಳಿತು ಅಂತ ಹೇಳಬೇಕು. ಓದೋಕೆ ಅಮ್ಮ ಬಂದರು. ಅಪ್ಪನ ಬೆನ್ನ ಹಿಂದೆ ನಿಂತು ಓದಿ ಅಂತ ನಾವೇ ಹೇಳಿದೆವು, ಕಂಟ್ರೋಲ್ಡ್ ಎಕ್ಸ್‌ಪೆರಿಮೆಂಟ್ ಅಲ್ವಾ.

ಜಾಲಿ ತೆಗೆದು ಸ್ಟಾರ್ಟ್ ಮಾಡಿದೆವು. ಕ್ರಾಸ್ ಪೂರ್ತಿ ಬಡಿತ. ಎರಡೂ ಕಡೆ ಗೋಡೆ ಇರೋ ರಸ್ತೆಯಲ್ಲಿ ಶಬ್ದಕ್ಕೆ ಹೋಗೋಕೆ ಜಾಗ ಇಲ್ಲ, ಅಲ್ಲೇ ಅಲ್ಲೇ ಹೊರಳಾಡುತ್ತೆ. ಎದುರು ಮನೆಯ ಮೊದಲ ಮಹಡಿಯಿಂದ ಎರಡನೇ ಪಿಯುಸಿ ಹುಡುಗಿ ಇಣುಕಿ, ಏನೂ ಹೇಳದೆ ಕಿಟಕಿ ಮುಚ್ಚಿಕೊಂಡಳು. ಅಪ್ಪನಿಗೆ ಹತ್ತರಲ್ಲಿ ಒಂದು ಪದ ಕೇಳಿತು. ಜಾಲಿ ಹಾಕಿ ಸ್ಟಾರ್ಟ್ ಮಾಡಿದಾಗ ಮೂರು. "ಗಾಡಿ ಎರಡು ಸಲಾನೂ ಕೇಳ್ತು ಕಣ್ರೋ, ಅದೇನು ಕೇಳದೇ ಇರೋದು?" ಅಂದರು ಅಪ್ಪ. ಸರಿ, ಎಂಜಿನ್ ಆಫ್ ಮಾಡಿ ಇನ್ನೊಂದು ಸಲ ಅಂದೆವು, ಹೋಲಿಕೆಗೆ ಬೇಕಲ್ಲ. ಹತ್ತಕ್ಕೆ ಹತ್ತು ಬರುತ್ತೆ ಅಂತ ಹಾಳೆಯಲ್ಲಿ ಆಗಲೇ ಬರೆಯೋಕೆ ಹೊರಟಿದ್ದೆವು.

ನಾಲ್ಕು ಬಂತು.

ಪೂರ್ತಿ ನಿಶ್ಶಬ್ದದಲ್ಲಿ, ಮಾಮೂಲಿ ದನಿಯಲ್ಲಿ, ಮೂರಡಿ ದೂರದಿಂದ, ನಾಲ್ಕು. ಅಮ್ಮ ಎದುರಿಗೆ ಬಂದು ಅದೇ ಪದಗಳನ್ನ ಓದಿದರು. ಎಂಟು ಬಂತು. ಆಗ ನಮಗೆಲ್ಲ ಒಟ್ಟಿಗೆ ಅರ್ಥವಾಯಿತು. ಇಷ್ಟು ವರ್ಷ ಅಪ್ಪ ನಮ್ಮ ಮಾತನ್ನ ಕೇಳ್ತಿರಲಿಲ್ಲ, ಓದ್ತಿದ್ದರು. ಯಾರಾದರೂ ಮಾತಾಡಿದರೆ ಅವರು ಮುಖವನ್ನೇ ನೋಡೋದು ಗೌರವಕ್ಕೆ ಅಂದುಕೊಂಡಿದ್ದೆವು. ಟಿವಿ ನೋಡ್ತಾ ಇದ್ದಾಗ ಪಕ್ಕದಿಂದ ಮಾತಾಡಿಸಿದರೆ ಉತ್ತರ ಬರದೇ ಇರೋದು ಗಮನ ಇಲ್ಲದ್ದಕ್ಕೆ ಅಂದುಕೊಂಡಿದ್ದೆವು. ಅಮ್ಮ ಹಾಳೆ ಮಡಿಸಿ ಒಳಗೆ ಹೋದರು. ಅಪ್ಪ ಸ್ವಲ್ಪ ಹೊತ್ತು ಕೂತಿದ್ದು, "ಜಾಲಿ ಸರಿಯಾಗಿ ಟೈಟ್ ಮಾಡಿದ್ದೀರಾ?" ಅಂತ ಎದ್ದು ಬಂದು ತಾವೇ ಸ್ಪ್ಯಾನರ್ ತಗೊಂಡರು.

ಆಮೇಲೆ ಕಾಲೇಜಿನ ಲೈಬ್ರರಿಯಲ್ಲಿ ಕೂತು ಓದಿದೆವು. ಶಬ್ದದಿಂದ ಹಾಳಾದ ಕಿವಿ ಎಲ್ಲ ದನಿಗೂ ಒಂದೇ ಸಮ ಮಂದವಾಗಲ್ಲ. ಪೆಟ್ಟು ಮೊದಲು ಬೀಳೋದು 4000 ಹರ್ಟ್ಸ್ ಆಸುಪಾಸಿಗೆ. ಕಿವಿ ಪರೀಕ್ಷೆಯ ಆಡಿಯೋಗ್ರಾಮ್ ನೋಡಿದರೆ ಇಸಿಇಯವರಿಗೆ ತಟ್ಟನೆ ಗುರುತು ಸಿಗುತ್ತೆ. ಅದೊಂದು ಬೋಡೆ ಪ್ಲಾಟು, ಲೋ ಪಾಸ್ ಫಿಲ್ಟರಿನದು. ಮಾತಿನಲ್ಲಿ ಸ್ವರಗಳು ಕೆಳಗಿನ ಫ್ರೀಕ್ವೆನ್ಸಿಯಲ್ಲಿರುತ್ತವೆ, ಅವು ದಾಟಿ ಬರುತ್ತವೆ. ಸ, ಶ, ತ, ಕ ಇಂಥ ವ್ಯಂಜನಗಳ ಸದ್ದು ಮೇಲಿನ ಫ್ರೀಕ್ವೆನ್ಸಿಯಲ್ಲಿರುತ್ತೆ, ಅವು ದಾರಿಯಲ್ಲೇ ಸತ್ತುಹೋಗುತ್ತವೆ. "ಸಾಕು" ಅನ್ನೋದರಲ್ಲಿ ಸಕಾರದ ಸೀಟಿ ಹೋದರೆ ಉಳಿಯೋದು ಬರೀ ಉಸಿರು, ಅದೇ "ಹಾಕು". ನಾವು ನಗ್ತಿದ್ದ ತಮಾಷೆಗೆ ಇಷ್ಟು ಕರಾರುವಾಕ್ಕಾದ ವಿವರಣೆ ಇತ್ತು.

ಯೆಜ್ಡಿಯ ಲೆಕ್ಕ ಹಾಕಿ. ಒಂದು ಸಿಲಿಂಡರಿನ ಟೂ ಸ್ಟ್ರೋಕ್ ಪ್ರತಿ ಸುತ್ತಿಗೂ ಒಂದು ಸಲ ಸಿಡಿಯುತ್ತೆ. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 50 ಸಲ, ಅಂದರೆ 50 ಹರ್ಟ್ಸ್. ಅಪ್ಪನ ಕಿವಿಯಲ್ಲಿ ಆ ಬಾಗಿಲು ಇನ್ನೂ ತೆರೆದೇ ಇದೆ. ಅದಕ್ಕೇ ಅವರಿಗೆ ಗಾಡಿ ಯಾವಾಗಲೂ ಕೇಳ್ತಿತ್ತು, ಮಗ ಕೇಳ್ತಿರಲಿಲ್ಲ. ಜಾಲಿ ಕಿತ್ತರೆ ಜಾಸ್ತಿಯಾಗೋದು ಅವರಿಗೆ ಆಗಲೇ ಕೇಳುವ ಸದ್ದು. ಮೇಲಾಗಿ ಜೋರಾದ ಕೆಳದನಿ ಮೇಲಿನ ಸಣ್ಣ ಸದ್ದುಗಳನ್ನ ಮುಚ್ಚಿಹಾಕುತ್ತೆ, ಇದಕ್ಕೆ ಮಾಸ್ಕಿಂಗ್ ಅಂತಾರೆ. ಬೇಡದ ಕಡೆ ಗೇನ್ ಕೊಟ್ಟ ಹಾಗೆ. ಕಿವಿ ಮಂದ ಇರುವವರ ಹತ್ತಿರ ಕಿರುಚೋದೂ ಇದೇ ಥರ. ಕಿರುಚಿದಾಗ ದೊಡ್ಡದಾಗೋದು ಮುಖ್ಯವಾಗಿ ಸ್ವರ, ಅವರಿಗೆ ಬೇಕಾಗಿರೋದು ವ್ಯಂಜನ. ಎದುರಿಗೆ ನಿಂತು, ಮುಖ ಬೆಳಕಿಗೆ ಬರೋ ಹಾಗೆ, ನಿಧಾನಕ್ಕೆ ಬಿಡಿಸಿ ಮಾತಾಡಿದರೆ ಎಷ್ಟೋ ಕೆಲಸ ಆಗುತ್ತೆ. ಮನೆಯಲ್ಲಿ ಈಗ ಅದು ಅಭ್ಯಾಸ ಆಗ್ತಿದೆ.

ಜಾಲಿ ಇಲ್ಲದೆ ಓಡಿಸುವ ಉಳಿದ ಕ್ಯಾಂಪಸ್ ಮಿತ್ರರಿಗೂ ಎರಡು ಮಾತು. ಡೆಸಿಬೆಲ್ ಲಾಗ್ ಸ್ಕೇಲ್, 10 ಜಾಸ್ತಿ ಅಂದರೆ ಹತ್ತು ಪಟ್ಟು ಶಕ್ತಿ. ವಾಸದ ಪ್ರದೇಶಕ್ಕೆ ನಿಯಮದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಮೋಟಾರು ವಾಹನ ಕಾಯ್ದೆಯ 190(2) ಪ್ರಕಾರ ಶಬ್ದದ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಲೈಸೆನ್ಸೂ ಮೂರು ತಿಂಗಳು ಅಮಾನತು. ಕಾನೂನು ಒಪ್ಪದ ಬದಲಾವಣೆ ಮಾಡಿದ ಮಾಲೀಕರಿಗೆ 182ಎ(4) ಪ್ರಕಾರ ಪ್ರತಿ ಬದಲಾವಣೆಗೆ 5,000 ದಂಡ ಬೇರೆ. ವಶಪಡಿಸಿಕೊಂಡ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸೋ ವಿಡಿಯೋ ನೀವೂ ನೋಡಿರ್ತೀರಿ. ಆದರೆ ನಮಗೆ ದಂಡಕ್ಕಿಂತ ದೊಡ್ಡ ಕಾರಣ ಹೆಲ್ಮೆಟ್ಟಿನ ಒಳಗಿದೆ. ಹೋದ ಕಿವಿಯ ನರಕೋಶ ಮತ್ತೆ ಹುಟ್ಟಲ್ಲ. ಪ್ರೆಸ್ ಶಾಪಿನಲ್ಲಿ ಕೂಲಿಗಾಗಿ ಕಳಕೊಂಡವರು ಒಬ್ಬರನ್ನ ನಾವು ಹತ್ತಿರದಿಂದ ನೋಡಿದ್ದೀವಿ. ದುಡ್ಡು ಕೊಟ್ಟು ಕಳಕೊಳ್ಳೋದು ಯಾಕೆ?

ಕಿವಿ ಪರೀಕ್ಷೆಗೆ ಅಪ್ಪ ಮೊದಲು ಒಪ್ಪಲಿಲ್ಲ. "ನಂಗೆ ಕೇಳುತ್ತೆ ಬಿಡ್ರೋ." ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗೋಣ ಅಂದಾಗ ಸ್ವಲ್ಪ ಮೆತ್ತಗಾದರು, ಮೈಸೂರು ಅನ್ನೋ ಹೆಸರಿಗೆ. "ಗಾಡೀಲೇ ಹೋಗೋದಾದ್ರೆ ಬರ್ತೀನಿ" ಅಂದರು. ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟಿನಿಂದ ಬೈಕ್ ಬಿಡಲ್ಲ, ಸರ್ವಿಸ್ ರೋಡಲ್ಲಿ ಹೋಗಬಹುದು. ಅದೇನೂ ತೊಂದರೆ ಇರಲಿಲ್ಲ. ತೊಂದರೆ ಬೇರೆ: ಜೋರು ಸದ್ದು ಕೇಳಿದ ಮೇಲೆ ಕಿವಿ ಕೆಲವು ಗಂಟೆ ಇನ್ನಷ್ಟು ಮಂದವಾಗಿರುತ್ತೆ, ಪರೀಕ್ಷೆಯ ಲೆಕ್ಕ ತಪ್ಪುತ್ತೆ. ಹಿಂದಿನ ದಿನದಿಂದಲೇ ಕಿವಿಗೆ ರೆಸ್ಟ್ ಕೊಡಬೇಕು. ಇದನ್ನ ಎದುರಿಗೆ ಕೂತು, ನಿಧಾನಕ್ಕೆ ಬಿಡಿಸಿ ಹೇಳಿದೆವು. ಅಪ್ಪ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ರೈಲು" ಅಂದರು.

ಕೆಂಗೇರಿಯಿಂದ ಟಿಕೆಟ್ ಆಗಿದೆ, ನಾಲ್ಕು ಜನಕ್ಕೆ. ಪರೀಕ್ಷೆ ಮುಗಿದ ಮೇಲೆ ಯಾದವಗಿರಿಯಲ್ಲಿ ಫ್ಯಾಕ್ಟರಿ ಇದ್ದ ಜಾಗ ನೋಡಬೇಕು ಅನ್ನೋದು ಅಪ್ಪನ ಷರತ್ತು.